ತಮಾಷೆ ಅಂದರೆ ಏನು, ತಮಾಷೆ ಅಲ್ಲ ಅಂದರೆ ಏನು

"ತಮಾಷೆಗೆ ಹೇಳಿದೆ" ಎಂದು ಯಾರಾದರೂ ಹೇಳುತ್ತಿದ್ದರೆ, ಆ ಹೊತ್ತಿಗೆ ಅಲ್ಲಿ ಯಾರೂ ನಗುತ್ತಿಲ್ಲ ಎಂದು ತಿಳಿಯಬಹುದು. ಎದುರಿಗಿದ್ದವರು ನಕ್ಕಿದ್ದರೆ ಆ ಮಾತು ಬೇಕಾಗುತ್ತಲೇ ಇರಲಿಲ್ಲ, ಅಲ್ವಾ?

ನಿಘಂಟು ತೆರೆದರೆ ತಮಾಷೆಗೆ ಹಾಸ್ಯ, ವಿನೋದ, ಮೋಜು ಎಂದು ಅರ್ಥ ಸಿಗುತ್ತದೆ. ತಪ್ಪೇನಿಲ್ಲ. ಆದರೆ ನಾವು ದಿನಾ ಆಡುವ ಮಾತುಗಳನ್ನು ಸ್ವಲ್ಪ ಕೇಳಿಸಿಕೊಳ್ಳಿ. "ಏನ್ ತಮಾಷೆ ಮಾಡ್ತಾ ಇದ್ದೀರಾ?" ಎಂದು ಕೇಳುವವರು ಸಿಟ್ಟಿನಲ್ಲಿರುತ್ತಾರೆ. "ಮನೆ ಕಟ್ಟೋದು ಅಂದ್ರೆ ತಮಾಷೆನಾ?" ಎನ್ನುವಾಗ ನಗುವಿನ ಸುದ್ದಿಯೇ ಇಲ್ಲ. "ತಮಾಷೆ ಅಂದ್ರೆ, ಹುಡುಕ್ತಾ ಇದ್ದ ಕೀ ಅವನ ಜೇಬಲ್ಲೇ ಇತ್ತು" ಎನ್ನುವಾಗ ಅದು ವಿಚಿತ್ರ ಎನ್ನುವ ಅರ್ಥ ಕೊಡುತ್ತದೆ. "ಎಲ್ಲರೂ ತಮಾಷೆ ನೋಡ್ತಾ ನಿಂತಿದ್ರು" ಎಂದರೆ ಬಯ್ಗುಳ. "ಒಳ್ಳೆ ತಮಾಷೆ ಆಯ್ತಲ್ಲ ಇದು!" ಎಂದರೆ ತಾಳ್ಮೆ ಮುಗಿಯಿತು ಎಂದು ಲೆಕ್ಕ.

ಈಗ ಇದೇ ಮಾತುಗಳಲ್ಲಿ ತಮಾಷೆಯನ್ನು ತೆಗೆದು ಹಾಸ್ಯ ಹಾಕಿ ನೋಡಿ. "ಮನೆ ಕಟ್ಟೋದು ಅಂದ್ರೆ ಹಾಸ್ಯನಾ?" "ಎಲ್ಲರೂ ಹಾಸ್ಯ ನೋಡ್ತಾ ನಿಂತಿದ್ರು." ಒಂದೂ ಕೂರುವುದಿಲ್ಲ. ಎರಡೂ ನಗುವಿಗೆ ಸಂಬಂಧಪಟ್ಟ ಪದಗಳೇ, ಆದರೆ ಮಾಡುವ ಕೆಲಸ ಬೇರೆ. ಹಾಸ್ಯವನ್ನು ಒಂದು ಬರಹದಲ್ಲೋ ನಾಟಕದಲ್ಲೋ ಇಟ್ಟು ಹೋಗಬಹುದು. ತಮಾಷೆಯನ್ನು ಹಾಗೆ ಇಟ್ಟು ಹೋಗಲು ಬರುವುದಿಲ್ಲ. ಅದಕ್ಕೆ ಮಾಡುವವರು ಬೇಕು, ಎದುರಿಗೆ ಇನ್ನೊಬ್ಬರು ಬೇಕು, ಇದು ತಮಾಷೆ ಎಂದು ಇಬ್ಬರೂ ಒಪ್ಪಬೇಕು. ನನಗೆ ಕಂಡ ಮಟ್ಟಿಗೆ ಈ ಪದದ ಎಲ್ಲ ವಿಚಿತ್ರ ಬಳಕೆಗಳೂ ಈ ಒಪ್ಪಂದದಿಂದಲೇ ಹುಟ್ಟುತ್ತವೆ.

ನಡೆದು ಬಂದ ಪದ

ತಮಾಷೆ ನಮಗೆ ಪಾರಸಿಯಿಂದ ಬಂದದ್ದು. ಪಾರಸಿಗೆ ಅದು ಅರಬ್ಬಿಯಿಂದ ಹೋಗಿತ್ತು. ಅರಬ್ಬಿಯಲ್ಲಿ ಅದರ ಬೇರು 'ನಡೆ' ಎಂಬ ಅರ್ಥದ್ದು. ಜೊತೆಯಾಗಿ ನಡೆಯುವುದು, ಹೆಜ್ಜೆ ಸೇರಿಸುವುದು ಎಂಬುದು ಮೊದಲ ಅರ್ಥ. ನಗು ಎಲ್ಲಿಯೂ ಇಲ್ಲ. ಜೊತೆಯಾಗಿ ಅಡ್ಡಾಡಲು ಹೊರಟವರು ಸುಮ್ನೆ ನಡೆಯುವುದಿಲ್ಲ, ಅದೂ ಇದೂ ನೋಡುತ್ತಾರೆ. ಪಾರಸಿಯಲ್ಲಿ ಈ ನೋಡುವುದೇ ಮುಖ್ಯವಾಯಿತು. ತಮಾಶಾ ಎಂದರೆ ನೋಟ, ಕಣ್ಣಿಗೆ ಹಬ್ಬವಾಗುವ ದೃಶ್ಯ ಎಂದಾಯಿತು. ಇವತ್ತಿಗೂ ಇರಾನಿನಲ್ಲಿ ಟಿವಿ ನೋಡುವುದಕ್ಕೆ ತಮಾಶಾ ಮಾಡುವುದು ಎನ್ನುತ್ತಾರೆ. ಆಟದ ಮೈದಾನದಲ್ಲಿ ಕುಳಿತು ನೋಡುವವನು ಅಲ್ಲಿ ತಮಾಶಾಚಿ. ನಮ್ಮ ತಮಾಷೆಗಾರ ಎದ್ದು ನಿಂತು ಎಲ್ಲರನ್ನೂ ನಗಿಸುತ್ತಾನೆ. ಅವರ ತಮಾಶಾಚಿ ಕುಳಿತು ನೋಡುತ್ತಾನೆ. ಒಂದೇ ಪದ ವೇದಿಕೆಯ ಈಚೆಯಿಂದ ಆಚೆಗೆ ದಾಟಿಬಿಟ್ಟಿದೆ.

ಪಾರಸಿ ಆಡಳಿತದ ಭಾಷೆಯಾಗಿದ್ದ ಕಡೆಗೆಲ್ಲ ಈ ಪದವೂ ಹೋಯಿತು. ದಖ್ಖನಿನಲ್ಲಿ 1347ರಲ್ಲಿ ಬಹಮನಿ ರಾಜ್ಯ ಕಲಬುರಗಿಯಲ್ಲಿ ನೆಲೆಯೂರಿತು. ಆಮೇಲೆ ವಿಜಾಪುರದ ಆದಿಲ್‌ಶಾಹಿಗಳು ಬಂದರು, ಮರಾಠರ ಆಳ್ವಿಕೆ ಬಂತು, ಹೈದರ್ ಮತ್ತು ಟಿಪ್ಪುವಿನ ಕಾಲವೂ ಬಂತು. ಅರ್ಜಿ, ಜಮೀನು, ಖರ್ಚು, ಗುಮಾಸ್ತ ಇವೆಲ್ಲ ಕನ್ನಡದ ಮನೆಮಾತಾದದ್ದು ಇಂಥ ದಾರಿಯಲ್ಲೇ. ಬರುವಾಗ ಕನ್ನಡ ತನ್ನ ಸುಂಕ ವಸೂಲಿ ಮಾಡಿತು. ಕೊನೆಯ 'ಆ' ಹೋಗಿ 'ಎ' ಬಂತು. ನಕ್ಷಾ ನಕ್ಷೆಯಾಯಿತು, ಹವಾ ಹವೆಯಾಯಿತು, ತಮಾಶಾ ತಮಾಷೆಯಾಯಿತು. ಕಥಾ ಕಥೆಯಾದಂತೆ, ಭಾಷಾ ಭಾಷೆಯಾದಂತೆ. ಆಮೇಲೆ ತಮಾಷೆಯ, ತಮಾಷೆಗೆ, ತಮಾಷೆಯಿಂದ ಎಂದು ವಿಭಕ್ತಿಗಳು ಎಷ್ಟು ಸಲೀಸಾಗಿ ಅಂಟಿಕೊಂಡವೆಂದರೆ, ಇದು ಹೊರಗಿನ ಪದ ಎಂದು ಹೇಳಿದರೆ ಇವತ್ತು ಎಷ್ಟೋ ಜನ ನಂಬುವುದಿಲ್ಲ.

ಬೇರೆ ಕಡೆ ಇದೇ ಪದಕ್ಕೆ ಏನಾಯಿತು ಎಂದು ನೋಡಿದರೆ ನಮ್ಮದು ಎಷ್ಟು ದೂರ ಬಂದಿದೆ ಎಂದು ಗೊತ್ತಾಗುತ್ತದೆ. ಮರಾಠಿಯಲ್ಲಿ ತಮಾಶಾ ಎಂದರೆ ಢೋಲಕಿ, ಲಾವಣಿ, ಸೋಂಗಾಡ್ಯಾ ಎಂಬ ವಿದೂಷಕನ ಚೇಷ್ಟೆ ಎಲ್ಲ ಸೇರಿದ ಒಂದು ಜನಪದ ರಂಗಪ್ರಕಾರ. ಪೂರ್ವ ಆಫ್ರಿಕಾದ ಸ್ವಾಹಿಲಿಯಲ್ಲಿ ತಮಾಶಾ ಎಂದರೆ ಉತ್ಸವ. ಮಲಯ ಭಾಷೆಯಲ್ಲಿ ಅದೇ ಪದ ತೆಮಾಸ್ಯ ಎಂದಾಗಿ ಕ್ರೀಡಾಕೂಟಕ್ಕೂ ಉತ್ಸವಕ್ಕೂ ನಡೆಯುತ್ತದೆ. ಹಿಂದಿಯಲ್ಲಿ ಅದು ಪ್ರದರ್ಶನ. ಜೊತೆಗೆ ನಾಲ್ಕು ಜನರ ಎದುರು ಮಾಡುವ ಗಲಾಟೆಯೂ ಹೌದು. "ತಮಾಶಾ ಮತ್ ಕರೋ" ಎಂದು ಹಿಂದಿಯವರು ಸಿಡುಕಿದರೆ, ಕನ್ನಡದ ಕಿವಿಗೆ ಅದು "ಜೋಕ್ ಮಾಡಬೇಡ" ಎಂದು ಕೇಳಿಸುತ್ತದೆ. ಅವರು ಹೇಳುತ್ತಿರುವುದು "ರಂಪ ಮಾಡಬೇಡ" ಎಂದು. ಇಬ್ಬರೂ ಒಂದೇ ಪದ ಆಡಿ ಇಬ್ಬರಿಗೂ ಅರ್ಥವಾಗದೆ ಹೋಗುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

ದಕ್ಷಿಣದಲ್ಲಿ ಮಾತ್ರ ಇದು ನಗುವಿನ ಕಡೆಗೆ ವಾಲಿತು. ಕನ್ನಡದ ತಮಾಷೆ, ತೆಲುಗಿನ ತಮಾಷಾ, ತಮಿಳಿನ ತಮಾಷ್, ಮಲಯಾಳದ ತಮಾಶ ನಾಲ್ಕರಲ್ಲೂ ಮೊದಲು ನೆನಪಾಗುವುದು ನಗು, ಹುಡುಗಾಟ. ಹೇಗೆ ವಾಲಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ನೋಡಲು ಹೋದವರು ಖುಷಿಪಡುತ್ತಾರೆ. ಖುಷಿ ಕೊಡುವ ನೋಟ ಮೋಜಾಗುತ್ತದೆ. ಮೋಜಿಗಾಗಿ ಆಡಿದ ಮಾತು ತಮಾಷೆಯ ಮಾತಾಗುತ್ತದೆ. ಕಣ್ಣಿನ ಪದ ಕಿವಿಗೆ ಬಂತು ಎನ್ನಬಹುದು.

ಹಳೆಯ ಅರ್ಥ ಪೂರ್ತಿ ಸತ್ತಿಲ್ಲ. "ತಮಾಷೆ ನೋಡು" ಎಂಬ ಮಾತಿನಲ್ಲಿ ಅದು ಗಟ್ಟಿಯಾಗಿ ಉಳಿದಿದೆ. ರಸ್ತೆಯಲ್ಲಿ ಇಬ್ಬರು ಹೊಡೆದಾಡುತ್ತಿದ್ದಾರೆ, ಸುತ್ತ ಜನ ಸೇರಿದ್ದಾರೆ, ಬಿಡಿಸುವವರಿಲ್ಲ. ಅವರು ತಮಾಷೆ ನೋಡುತ್ತಿದ್ದಾರೆ. ನಗುತ್ತಿಲ್ಲ, ಸುಮ್ನೆ ನೋಡುತ್ತಿದ್ದಾರೆ. "ಇರು, ತಮಾಷೆ ತೋರಿಸ್ತೀನಿ" ಎಂಬ ಬೆದರಿಕೆಯೂ ಇದೇ ಕುಲದ್ದು. ಅಲ್ಲಿ ತಮಾಷೆ ಎಂದರೆ ಇನ್ನೇನು ನಡೆಯಲಿರುವ ದೃಶ್ಯ.

ಒಂದು ವಿಭಕ್ತಿಯಲ್ಲಿ ಎಷ್ಟೊಂದು ಅಡಗಿದೆ

ಪದದ ಹುಟ್ಟಿಗಿಂತ ಅದರ ಬಳಕೆ ನನಗೆ ಹೆಚ್ಚು ಕುತೂಹಲದ್ದು. ಎರಡು ಜೋಡಿಗಳನ್ನು ನೋಡೋಣ.

ಮೊದಲನೆಯದು: "ಅವಳು ತಮಾಷೆಯಾಗಿ ಹೇಳಿದಳು" ಮತ್ತು "ಅವಳು ತಮಾಷೆಗೆ ಹೇಳಿದಳು." ಅವಸರದಲ್ಲಿ ಕೇಳಿದರೆ ಎರಡೂ ಒಂದೇ ಅನ್ನಿಸುತ್ತದೆ. ತಮಾಷೆಯಾಗಿ ಹೇಳಿದರೆ ಹೇಳಿದ ರೀತಿ ನಗು ತರಿಸುವಂಥದ್ದು. ವಿಷಯ ಪೂರ್ತಿ ನಿಜ ಇರಬಹುದು. ತನ್ನ ಕಾಲು ಮುರಿದ ಕತೆಯನ್ನೂ ತಮಾಷೆಯಾಗಿ ಹೇಳುವವರಿದ್ದಾರೆ, ಕಾಲು ನಿಜವಾಗಿಯೂ ಮುರಿದಿರುತ್ತದೆ. ತಮಾಷೆಗೆ ಹೇಳಿದರೆ ಕತೆ ಬೇರೆ. ಆ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಅರ್ಥ. ಹೇಳಿದ ರೀತಿಯಲ್ಲಿ ನಗು ಇರಲೇಬೇಕೆಂದಿಲ್ಲ, ಮುಖ ಗಂಟಿಕ್ಕಿಕೊಂಡೇ ಹೇಳಿರಬಹುದು. 'ಆಗಿ' ಎಂಬುದು ಹೇಳಿದ ಬಗೆಯನ್ನು ತಿಳಿಸುತ್ತದೆ. 'ಗೆ' ಎಂಬುದು ಹೇಳಿದ ಉದ್ದೇಶವನ್ನು ತಿಳಿಸುತ್ತದೆ. ಜಗಳಗಳಲ್ಲಿ ಬಹಳಷ್ಟು ಈ ಎರಡರ ನಡುವಿನ ಗೊಂದಲವೇ. ಒಬ್ಬರು ತಮಾಷೆಯಾಗಿ ಹೇಳಿದ ನಿಜವನ್ನು, ಇನ್ನೊಬ್ಬರು ತಮಾಷೆಗೆ ಹೇಳಿದ್ದು ಎಂದು ತಳ್ಳಿಹಾಕುತ್ತಾರೆ. ಕೊಟ್ಟ ಸಾಲವನ್ನು ನಗುನಗುತ್ತಾ ಕೇಳುವವರಿಗೆ ಈ ಕಷ್ಟ ಚೆನ್ನಾಗಿ ಗೊತ್ತಿರುತ್ತದೆ.

ಎರಡನೆಯ ಜೋಡಿ ಇನ್ನೂ ಸೂಕ್ಷ್ಮ. "ಅವನ ಜೊತೆ ತಮಾಷೆ ಮಾಡಿದೆ" ಎಂದರೆ ಅವನೂ ಅದರಲ್ಲಿ ಪಾಲುದಾರ. "ಅವನನ್ನು ತಮಾಷೆ ಮಾಡಿದೆ" ಎಂದ ಕೂಡಲೇ ಅವನು ಪಾಲುದಾರನಲ್ಲ, ತಮಾಷೆಯ ವಸ್ತು. ಒಂದು 'ಅನ್ನು' ಬಂದದ್ದೇ ತಡ, ಮನುಷ್ಯ ಈ ಕಡೆಯಿಂದ ಆ ಕಡೆಗೆ ಹೋದ. ಗೇಲಿ, ಲೇವಡಿ, ಅಪಹಾಸ್ಯ ಎಂಬ ಪದಗಳಿಗೆ ಈ ಆಯ್ಕೆಯೇ ಇಲ್ಲ. ಅವು ಯಾವಾಗಲೂ 'ಅನ್ನು' ಕೇಳುತ್ತವೆ. ಅವನನ್ನು ಗೇಲಿ ಮಾಡಬಹುದು, ಅವನ ಜೊತೆ ಗೇಲಿ ಮಾಡಲು ಬರುವುದಿಲ್ಲ. ಹರಟೆಗೆ 'ಜೊತೆ' ಮಾತ್ರ ಸಾಕು, ಅವನನ್ನು ಹರಟೆ ಹೊಡೆಯಲು ಆಗುವುದಿಲ್ಲ. ತಮಾಷೆ ಎರಡೂ ಕಡೆ ಕಾಲಿಟ್ಟ ಪದ. ಅದಕ್ಕೇ ಇದು ಇಷ್ಟು ಬೇಗ ಜಾರುತ್ತದೆ. ಜೊತೆ ಮಾಡುತ್ತಿದ್ದೇವೆ ಎಂದುಕೊಂಡು ಶುರುಮಾಡಿದ್ದು, ಎದುರಿನವರ ಕಿವಿಗೆ 'ನನ್ನನ್ನು ಮಾಡುತ್ತಿದ್ದಾರೆ' ಎಂದು ಕೇಳಿಸಿರುತ್ತದೆ. ತಮಾಷೆ ಹೋಗಿ ಅಮಾಸೆ ಆಯಿತು ಎಂದು ಪ್ರಾಸಕ್ಕಾಗಿ ಹೇಳುತ್ತೇವಲ್ಲ, ಆ ಅಮಾಸೆ ಆಗುವುದು ಹೀಗೆಯೇ.

ಇನ್ನು "ತಮಾಷೆ ಅಲ್ಲ." ಇಲ್ಲಿ ತಮಾಷೆ ಎಂದರೆ ಹಗುರವಾದದ್ದು, ಕೈ ತಪ್ಪಿದರೂ ನಷ್ಟವಿಲ್ಲದ್ದು. ಹುಡುಗಾಟ ಅಲ್ಲ, ಮಕ್ಕಳಾಟ ಅಲ್ಲ ಎಂಬ ಮಾತುಗಳ ಅಣ್ಣತಮ್ಮ ಇದು. "ಮೂರು ಮಕ್ಕಳನ್ನ ಸಾಕೋದು ತಮಾಷೆ ಅಲ್ಲ" ಎನ್ನುವವರು ಮಕ್ಕಳನ್ನು ಸಾಕುವುದರಲ್ಲಿ ನಗು ಇಲ್ಲ ಎನ್ನುತ್ತಿಲ್ಲ, ನಗು ಬೇಕಾದಷ್ಟಿದೆ. ಅದು ಪೆಟ್ಟಾಗದ ಕೆಲಸವಲ್ಲ ಎನ್ನುತ್ತಿದ್ದಾರೆ. ಇದನ್ನು ತಿರುಗಿಸಿದರೆ ತಮಾಷೆಯ ಒಳಗುಟ್ಟು ಸಿಗುತ್ತದೆ. ಪೆಟ್ಟಾಗುವುದಿಲ್ಲ ಎಂಬ ಭರವಸೆ ಇದ್ದಾಗ ಮಾತ್ರ ಅದು ತಮಾಷೆ.

"ತಮಾಷೆ ಅಂದ್ರೆ..." ಎಂದು ಮಾತು ಶುರುಮಾಡುವುದೂ ಒಂದು ಚಂದದ ಬಳಕೆ. ಮುಂದೆ ಬರುವುದು ಜೋಕ್ ಆಗಿರಬೇಕಿಲ್ಲ, ಹೆಚ್ಚಿನ ಸಲ ಆಗಿರುವುದೂ ಇಲ್ಲ. ಅಂದುಕೊಂಡದ್ದಕ್ಕೆ ಉಲ್ಟಾ ಆದ ಸಂಗತಿ ಬರುತ್ತದೆ. ನಿದ್ದೆ ಬರಲಿ ಎಂದು ಮಾತ್ರೆ ತಂದಿಟ್ಟವನು ಮಾತ್ರೆ ತೆಗೆದುಕೊಳ್ಳುವ ಮೊದಲೇ ಮಲಗಿಬಿಟ್ಟ ಎನ್ನುವಂಥದ್ದು. ನೋಡಬೇಕಾದ ನೋಟ ಎಂಬ ಹಳೆಯ ಅರ್ಥ ಇಲ್ಲಿ ತೆಳ್ಳಗೆ ಉಸಿರಾಡುತ್ತಿದೆ ಎಂದು ನನ್ನ ಅನುಮಾನ. "ಇಲ್ಲಿ ನೋಡಿ, ಎಂಥ ವಿಚಿತ್ರ" ಎಂದು ಕರೆದು ತೋರಿಸಿದಂತೆ.

ನೆಂಟರಿಷ್ಟರು

ನಗುವಿಗೆ ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಎಲ್ಲವನ್ನೂ ಹಿಡಿಯಲು ಹೊರಟರೆ ಇಡೀ ದಿನ ಸಾಲದು. ಮುಖ್ಯವಾದವನ್ನು ನೋಡೋಣ.

ಹಾಸ್ಯ ಸಂಸ್ಕೃತದ್ದು, ನಗುವುದು ಎಂಬ ಧಾತುವಿನಿಂದ ಬಂದದ್ದು. ಭರತನ ನಾಟ್ಯಶಾಸ್ತ್ರದ ಎಂಟು ರಸಗಳಲ್ಲಿ ಶೃಂಗಾರದ ನಂತರ ಇದೇ. ಶೃಂಗಾರದಿಂದಲೇ ಹಾಸ್ಯ ಹುಟ್ಟುತ್ತದೆ ಎಂದೂ ಅಲ್ಲಿ ಹೇಳಿದೆ. ನಗು ಯಾಕೆ ಬರುತ್ತದೆ ಎಂಬುದಕ್ಕೆ ಭರತ ಕೊಡುವ ಕಾರಣಗಳು ಬಹಳ ನೇರ. ವಿಕಾರವಾದ ವೇಷ, ಹೊಂದದ ಒಡವೆ, ನಾಚಿಕೆಗೇಡಿ ನಡತೆ, ಅರ್ಥವಿಲ್ಲದ ಮಾತು. ಸೊಂಟಕ್ಕೆ ಕಟ್ಟುವ ಡಾಬನ್ನು ಎದೆಗೆ ಕಟ್ಟಿಕೊಂಡರೆ ನಗುವಿಗೆ ಕಾರಣವಾಗುತ್ತದೆ ಎಂಬ ಉದಾಹರಣೆಯನ್ನೂ ಕೊಡುತ್ತಾನೆ. ಒಡವೆಯಲ್ಲಿ ದೋಷವಿಲ್ಲ, ಎದೆಯಲ್ಲೂ ದೋಷವಿಲ್ಲ, ಇರಬೇಕಾದ ಜಾಗದಲ್ಲಿ ಇಲ್ಲ ಅಷ್ಟೇ. ಕಾಂಟ್, ಶೋಪೆನ್‌ಹಾವರ್ ಎಂದು ಯುರೋಪಿನ ತತ್ವಜ್ಞಾನಿಗಳು ನಗುವನ್ನು ವಿವರಿಸಲು ಹೊರಟಾಗ, ನಿರೀಕ್ಷೆಗೂ ಎದುರಿಗಿರುವುದಕ್ಕೂ ತಾಳೆಯಾಗದಿರುವುದೇ ಕಾರಣ ಎಂದು ಬೇರೆ ಬೇರೆ ಮಾತಿನಲ್ಲಿ ಹೇಳಿದರು. ಡಾಬಿನ ಉದಾಹರಣೆ ಅವರಿಗೂ ಸರಿಯಾಗಿ ಹೊಂದುತ್ತಿತ್ತು.

ಭರತ ನಗುವನ್ನು ಆರು ಬಗೆಯಾಗಿ ವಿಂಗಡಿಸುತ್ತಾನೆ. ಹಲ್ಲು ಕಾಣದ ಮುಗುಳ್ನಗೆ ಸ್ಮಿತ. ಹಲ್ಲು ಸ್ವಲ್ಪ ಕಂಡರೆ ಹಸಿತ. ಆಮೇಲೆ ವಿಹಸಿತ, ಉಪಹಸಿತ, ಅಪಹಸಿತ. ಕೊನೆಗೆ ಕಣ್ಣಲ್ಲಿ ನೀರು ಬಂದು ಪಕ್ಕೆ ಹಿಡಿದುಕೊಂಡು ನಗುವ ಅತಿಹಸಿತ. ಮೊದಲ ಎರಡು ಉತ್ತಮರಿಗೆ, ನಡುವಿನ ಎರಡು ಮಧ್ಯಮರಿಗೆ, ಕೊನೆಯ ಎರಡು ಅಧಮರಿಗೆ. ಹೊಟ್ಟೆ ಹುಣ್ಣಾಗುವಂತೆ ನಗಿಸುವ ಗೆಳೆಯರಿದ್ದರೆ ನಾವೆಲ್ಲ ಅಧಮರ ಪಟ್ಟಿಯಲ್ಲಿ ಖಾಯಂ. ಯಕ್ಷಗಾನದ ಹಾಸ್ಯಗಾರನಿಗಂತೂ ಪ್ರೇಕ್ಷಕರು ಸ್ಮಿತದಲ್ಲೇ ನಿಂತುಬಿಟ್ಟರೆ ಆ ರಾತ್ರಿ ಸೋತಂತೆ.

ಇಷ್ಟು ದೊಡ್ಡ ಮನೆತನದ ಪದವಾದ್ದರಿಂದ ಹಾಸ್ಯಕ್ಕೆ ಗೌರವದ ಕೆಲಸಗಳು ಸಿಕ್ಕಿವೆ. ಹಾಸ್ಯ ಸಾಹಿತ್ಯ, ಹಾಸ್ಯೋತ್ಸವ, ಹಾಸ್ಯಪ್ರಜ್ಞೆ. ತಮಾಷೆ ಸಾಹಿತ್ಯ ಎಂದು ಯಾರೂ ಹೇಳುವುದಿಲ್ಲ. ಡಾ. ಎಂ. ಶಿವರಾಂ 1942ರಲ್ಲಿ ಶುರುಮಾಡಿದ ಕೊರವಂಜಿಯನ್ನು ಹಾಸ್ಯ ಪತ್ರಿಕೆ ಎನ್ನುತ್ತೇವೆ, ನಗೆ ಪತ್ರಿಕೆ ಎಂದರೂ ನಡೆಯುತ್ತದೆ. ತಮಾಷೆ ಪತ್ರಿಕೆ ಎಂದರೆ ಪತ್ರಿಕೆಯೇ ತಮಾಷೆ ಎಂದಾದೀತು. ಆದರೆ ಹಾಸ್ಯದ ಕುಟುಂಬದಲ್ಲಿ ಒಂದು ಕಹಿ ಪದವೂ ಇದೆ. ಅದು ಹಾಸ್ಯಾಸ್ಪದ. ಯಾರ ವಾದವಾದರೂ ಹಾಸ್ಯಾಸ್ಪದ ಎಂದರೆ ಅದು ಚೆನ್ನಾಗಿ ನಗಿಸಿತು ಎಂದು ಹೊಗಳಿದ್ದಲ್ಲ. ಹಾಸ್ಯಪ್ರಜ್ಞೆ ಇರುವವರು ಬೇಕು, ಹಾಸ್ಯಾಸ್ಪದರು ಬೇಡ.

ನಗು, ನಗೆ ಎರಡೂ ನಮ್ಮ ಮಣ್ಣಿನವು. ತಮಿಳಿನ ನಗೈ ಇದರ ಒಡಹುಟ್ಟು. ತಮಿಳಿನ ಹಳೆಯ ವ್ಯಾಕರಣ ತೊಲ್ಕಾಪ್ಪಿಯಂ ಎಂಟು ಭಾವಗಳನ್ನು ಎಣಿಸುವಾಗ ನಗೆಯನ್ನೇ ಮೊದಲು ಇಡುತ್ತದೆ. ನಗೆ ಹುಟ್ಟುವುದು ನಾಲ್ಕರಿಂದ ಎನ್ನುತ್ತದೆ: ಗೇಲಿ, ಎಳೆತನ, ಪೆದ್ದುತನ, ತಿಳಿಗೇಡಿತನ. ಗೇಲಿಯನ್ನು ಬಿಟ್ಟರೆ ಉಳಿದ ಮೂರರಲ್ಲಿ ನಗಿಸುವವರಿಗೆ ತಾವು ನಗಿಸುತ್ತಿದ್ದೇವೆ ಎಂದು ಗೊತ್ತೇ ಇರುವುದಿಲ್ಲ. ಮಕ್ಕಳ ಮಾತಿಗೆ ನಾವು ನಗುವುದು ಹಾಗೆಯೇ. ಅದರಲ್ಲಿ ನಗೆ ಇದೆ, ತಮಾಷೆ ಮಾಡಿದವರು ಯಾರೂ ಇಲ್ಲ.

ವ್ಯಂಗ್ಯದ ಕತೆ ಬೇರೆ. ಇವತ್ತು ವ್ಯಂಗ್ಯ ಎಂದರೆ ಕುಟುಕು, ಹೊಗಳಿದಂತೆ ಮಾಡಿ ತೆಗಳುವುದು. ಕಾವ್ಯಶಾಸ್ತ್ರದಲ್ಲಿ ಅದಕ್ಕೆ ಈ ವಿಷವಿರಲಿಲ್ಲ. 9ನೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ಧ್ವನಿಯ ಸಿದ್ಧಾಂತ ಕಟ್ಟಿದಾಗ, ಬಾಯಿಬಿಟ್ಟು ಹೇಳದೆ ಸೂಚನೆಯಿಂದ ಹೊಳೆಯುವ ಅರ್ಥವೇ ವ್ಯಂಗ್ಯ. ಗಂಗೆಯ ಮೇಲೆ ಹಳ್ಳಿ ಇದೆ ಎಂದರೆ ನೀರಿನ ಮೇಲಲ್ಲ, ದಡದಲ್ಲಿ ಎಂದು ತಿಳಿಯುತ್ತೇವೆ. ಆ ಹಳ್ಳಿ ತಂಪಾಗಿದೆ, ಪಾವನವಾಗಿದೆ ಎಂಬುದೂ ಹೇಳದೆಯೇ ಹೊಳೆಯುತ್ತದೆ. ಆ ಹೊಳಹು ವ್ಯಂಗ್ಯ. ಹೇಳಿದ್ದು ಒಂದು, ತಿಳಿಯಬೇಕಾದ್ದು ಇನ್ನೊಂದು ಎಂಬ ಚೌಕಟ್ಟು ಮಾತ್ರ ಉಳಿದು, ಒಳಗಿನ ಸರಕು ಕಾಲಕ್ರಮದಲ್ಲಿ ಬದಲಾಯಿತು. "ಬಂದ್ರಾ? ಇಷ್ಟು ಬೇಗ ಬಂದ್ಬಿಟ್ರಲ್ಲ!" ಎಂದು ತಡವಾಗಿ ಬಂದವರಿಗೆ ಹೇಳುವ ಮಾತಿಗೂ ಗಂಗೆಯ ಹಳ್ಳಿಗೂ ಅಷ್ಟೇ ಸಂಬಂಧ.

ಉಳಿದವನ್ನು ಬೇಗ ಮುಗಿಸುತ್ತೇನೆ. ವಿನೋದ ಎಂದರೆ ಮೂಲದಲ್ಲಿ ದೂರ ತಳ್ಳುವುದು, ಬೇಸರವನ್ನು ಓಡಿಸುವುದು. ಮೋಜಿನ ಮೂಲ ಅರಬ್ಬಿಯಲ್ಲಿ ಅಲೆ ಎಂಬ ಅರ್ಥದ ಪದ. ಅಣಕ ಎಂದರೆ ಇನ್ನೊಬ್ಬರ ದನಿ, ನಡಿಗೆಯನ್ನು ತಾನು ಮಾಡಿ ತೋರಿಸುವುದು. ವಿಡಂಬನೆಗೆ ಸಮಾಜದ ಹುಳುಕು ಬೇಕು. ಕುಚೋದ್ಯದಲ್ಲಿ ತುಂಟತನದ ಜೊತೆ ಚೂರು ಕೆಡುಕೂ ಇದೆ. ವಾದದಲ್ಲಿ ಎತ್ತುವ ಆಕ್ಷೇಪಣೆಗೆ ಚೋದ್ಯ ಎಂಬ ಹೆಸರಿತ್ತು, ಸಲ್ಲದ ಆಕ್ಷೇಪಣೆ ಕುಚೋದ್ಯ. ಜೋಕ್ ಎಂದರೆ ಶುರು ಕೊನೆ ಎರಡೂ ಇರುವ ಪುಟ್ಟ ಸರಕು, ಒಬ್ಬರಿಂದ ಒಬ್ಬರಿಗೆ ದಾಟಿಸಬಹುದು. ತಮಾಷೆಯನ್ನು ದಾಟಿಸಲು ಹೋದರೆ "ಅಲ್ಲಿ ನೀನೂ ಇರಬೇಕಿತ್ತು" ಎಂದು ಹೇಳಿ ನಿಲ್ಲಿಸಬೇಕಾಗುತ್ತದೆ.

ಎಲ್ಲ ಕಡೆ ತಮಾಷೆಯೇ ನಡೆಯುತ್ತದೆ ಎಂದೂ ಇಲ್ಲ. ಧಾರವಾಡದ ಕಡೆ "ಚ್ಯಾಷ್ಟಿ ಮಾಡಬ್ಯಾಡ" ಎನ್ನುತ್ತಾರೆ. ಸಂಸ್ಕೃತದ ಚೇಷ್ಟೆ ಅಂದರೆ ಬರೀ ಚಲನೆ, ಅಂಗಾಂಗದ ಆಟ. ಮಂಗಳೂರಿನ ಕಡೆಯವರು "ಕುಶಾಲಿಗೆ ಹೇಳಿದ್ದು ಮಾರಾಯ" ಎನ್ನುತ್ತಾರೆ. ಕುಶಾಲು ಪಾರಸಿಯ ಖುಷ್‌ಹಾಲ್, ಅಂದರೆ ಖುಷಿಯ ಸ್ಥಿತಿ. ಮೈಸೂರು ದಸರಾದ ಕುಶಾಲತೋಪಿನಲ್ಲಿ ಇರುವುದೂ ಅದೇ ಪದ. ಅಲ್ಲಿ ಮಾತ್ರ ಯಾರೂ ತಮಾಷೆಗೆ ಹಾರಿಸುವುದಿಲ್ಲ.

ಯಾರು ಯಾರಿಗೆ ಮಾಡಬಹುದು

ಒಪ್ಪಂದ ಎಂದೆನಲ್ಲ, ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಗ್ರೆಗೊರಿ ಬೇಟ್ಸನ್ ಎಂಬ ಮಾನವಶಾಸ್ತ್ರಜ್ಞ ಚೆನ್ನಾಗಿ ವಿವರಿಸಿದ. 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೃಗಾಲಯದಲ್ಲಿ ಎರಡು ಎಳೆಯ ಕೋತಿಗಳು ಆಡುತ್ತಿರುವುದನ್ನು ಅವನು ನೋಡಿದ. ಅವು ಕಚ್ಚುತ್ತಿದ್ದವು, ಎಳೆದಾಡುತ್ತಿದ್ದವು. ಜಗಳದಲ್ಲಿ ಮಾಡುವುದನ್ನೇ ಮಾಡುತ್ತಿದ್ದವು. ಆದರೂ ಅದು ಜಗಳವಲ್ಲ ಎಂದು ಎರಡಕ್ಕೂ ಗೊತ್ತಿತ್ತು, ನೋಡುತ್ತಿದ್ದ ಇವನಿಗೂ ಗೊತ್ತಾಯಿತು. ಹಾಗಾದರೆ "ಇದು ಆಟ" ಎಂದು ಅವು ಒಂದಕ್ಕೊಂದು ಹೇಗೋ ತಿಳಿಸುತ್ತಿರಬೇಕು. ಆಟದ ಕಚ್ಚು ನಿಜವಾದ ಕಚ್ಚನ್ನು ಹೋಲುತ್ತದೆ, ಆದರೆ ಆ ಕಚ್ಚಿನ ಅರ್ಥ ಅದಕ್ಕಿಲ್ಲ. ನಮ್ಮ 'ತಮಾಷೆಗೆ' ಎಂಬುದರಲ್ಲಿರುವ 'ಗೆ' ಮಾಡುವುದು ಇದನ್ನೇ. ಕೋತಿಗಳು ಆ ಸೂಚನೆಯನ್ನು ಕಚ್ಚುವಾಗಲೇ ಕೊಡುತ್ತವೆ. ನಮ್ಮಲ್ಲಿ ಕೆಲವರು ಕಚ್ಚಿದ ಮೇಲೆ ಕೊಡುತ್ತಾರೆ.

ಈ ಸೂಚನೆಯೇ ಬೇಕಾಗದ ಸಂಬಂಧಗಳೂ ಇವೆ. 1940ರಲ್ಲಿ ರಾಡ್‌ಕ್ಲಿಫ್-ಬ್ರೌನ್ ಎಂಬ ಇನ್ನೊಬ್ಬ ಮಾನವಶಾಸ್ತ್ರಜ್ಞ ಇವುಗಳ ಬಗ್ಗೆ ಬರೆದ. ಕೆಲವು ನೆಂಟಸ್ತಿಕೆಗಳಲ್ಲಿ ಒಬ್ಬರು ರೇಗಿಸಬಹುದು, ಇನ್ನೊಬ್ಬರು ಅದಕ್ಕೆ ಸಿಟ್ಟಾಗುವಂತಿಲ್ಲ. ಅದು ಪದ್ಧತಿಯೇ ಕೊಟ್ಟ ಅಪ್ಪಣೆ. ಮದುವೆಯಿಂದ ಎರಡು ಮನೆ ಹತ್ತಿರವಾಗುತ್ತವೆ, ಆದರೆ ಬೇರೆ ಬೇರೆಯಾಗಿಯೂ ಉಳಿಯುತ್ತವೆ. ಈ ಬಿಗುವನ್ನು ನಿಭಾಯಿಸಲು ಇರುವ ದಾರಿ ಎರಡು ಎಂದು ಅವನ ವಾದ. ಅಂತರ ಇಟ್ಟುಕೊಂಡು ಗೌರವದಿಂದ ಇರುವುದು ಒಂದು. ಸದಾ ರೇಗಿಸುತ್ತಾ ಇರುವುದು ಇನ್ನೊಂದು.

ಕನ್ನಡದ ಮನೆಗಳಲ್ಲಿ ಇದನ್ನು ಯಾರೂ ಪಾಠ ಹೇಳಿಕೊಟ್ಟಿಲ್ಲ, ಎಲ್ಲರಿಗೂ ಗೊತ್ತು. ಅತ್ತೆ ಅಳಿಯನ ನಡುವೆ ಮಾತು ಅಳತೆಯದು. ಭಾವ ಮೈದುನರ ನಡುವೆ ಅಳತೆಯೇ ಇಲ್ಲ. ಅತ್ತಿಗೆ ನಾದಿನಿಯರೂ ಹಾಗೆ, ಅಜ್ಜ ಅಜ್ಜಿಯರ ಜೊತೆ ಮೊಮ್ಮಕ್ಕಳೂ ಹಾಗೆ. ಅಪ್ಪನಿಗೆ ಹೇಳಲಾಗದ್ದನ್ನು ಅಜ್ಜನಿಗೆ ಹೇಳಿ ಕಿಚಾಯಿಸಬಹುದು. ಹೊಸದಾಗಿ ಪರಿಚಯವಾದ ನೆಂಟರಲ್ಲಿ "ನೀವು ನನಗೆ ವರಸೆಯಲ್ಲಿ ಏನಾಗಬೇಕು?" ಎಂದು ಲೆಕ್ಕ ಹಾಕುವುದರಲ್ಲಿ, ಇವರ ಜೊತೆ ತಮಾಷೆ ಮಾಡಬಹುದೋ ಇಲ್ಲವೋ ಎಂಬ ಲೆಕ್ಕವೂ ಸೇರಿರುತ್ತದೆ. ಮದುವೆಗಳಲ್ಲಿ ಹೆಂಗಸರು ಹಾಡುವ ಬೀಗರ ಹಾಡುಗಳನ್ನೇ ತಗೊಳ್ಳಿ. ಬೀಗಿತ್ತಿಯ ರೂಪ, ಊಟ, ಜಿಪುಣತನ ಯಾವುದನ್ನೂ ಬಿಡದೆ ಹಂಗಿಸುತ್ತಾರೆ. ಅದೇ ಮಾತನ್ನು ಮದುವೆ ಮುಗಿದ ಮೇಲೆ ಯಾರಾದರೂ ಹಾಡಿಲ್ಲದೆ, ಸಾದಾ ಮಾತಿನಲ್ಲಿ ಹೇಳಿದರೆ ಎರಡು ಮನೆಯ ನಡುವೆ ಮಾತುಕತೆ ನಿಲ್ಲುತ್ತದೆ. ಪದಗಳು ಅವೇ. ಹೊತ್ತು, ಜಾಗ, ಹೇಳುವ ಹಕ್ಕು ಬದಲಾದವು.

ಹಾಗಾಗಿ ಒಂದು ಮಾತು ತಮಾಷೆಯೋ ಅಲ್ಲವೋ ಎಂದು ಆ ಮಾತನ್ನು ಮಾತ್ರ ಇಟ್ಟುಕೊಂಡು ತೀರ್ಮಾನಿಸುವುದು ಸಾಧ್ಯವಿಲ್ಲ. ಆಫೀಸಿನಲ್ಲಿ ಮೇಲಿನವರು ಕೆಳಗಿನವರ ಬಗ್ಗೆ ಮಾಡುವ ತಮಾಷೆಗೆ ಎಲ್ಲರೂ ನಗುತ್ತಾರೆ. ಆ ನಗುವನ್ನು ಒಪ್ಪಿಗೆ ಎಂದು ತಿಳಿಯುವುದು ದೊಡ್ಡ ತಪ್ಪು. ಅಲ್ಲಿ 'ಜೊತೆ' ಯಾವುದು, 'ಅನ್ನು' ಯಾವುದು ಎಂದು ಹೇಳುವ ಸ್ವಾತಂತ್ರ್ಯ ಕೆಳಗಿದ್ದವರಿಗೆ ಇರುವುದಿಲ್ಲ.

ಮುಖ ಕಾಣದ ಕಡೆ

ಬರಹದಲ್ಲಿ ಈ ತೊಂದರೆ ಜಾಸ್ತಿ. ದನಿ ಇಲ್ಲ, ಕಣ್ಣು ಮಿಟುಕಿಸುವುದು ಕಾಣುವುದಿಲ್ಲ, ವರಸೆ ಗೊತ್ತಿಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಮೂಲಕ ಸಂದೇಶ ಬರೆಯುತ್ತಿದ್ದವರಿಗೆ ಈ ಕಷ್ಟ ಬಹಳ ಬೇಗ ಎದುರಾಯಿತು. ತಮಾಷೆಗೆ ಬರೆದದ್ದನ್ನು ನಿಜ ಎಂದುಕೊಳ್ಳುವವರು ಇದ್ದೇ ಇರುತ್ತಿದ್ದರು. 1982ರ ಸೆಪ್ಟೆಂಬರ್ 19ರಂದು ಅಲ್ಲಿನ ಕಂಪ್ಯೂಟರ್ ವಿಜ್ಞಾನಿ ಸ್ಕಾಟ್ ಫಾಲ್ಮನ್ ಒಂದು ಸಲಹೆ ಕೊಟ್ಟರು. ಎರಡು ಚುಕ್ಕಿ, ಒಂದು ಅಡ್ಡಗೆರೆ, ಒಂದು ಆವರಣ ಚಿಹ್ನೆ ಸೇರಿಸಿ ಅಡ್ಡ ಮಲಗಿದ ನಗುಮುಖ ಮಾಡಿ, ತಮಾಷೆಯ ಸಂದೇಶಕ್ಕೆ ಗುರುತಾಗಿ ಹಾಕಿ ಎಂದು. ಇವತ್ತಿನ ಬಣ್ಣಬಣ್ಣದ ನಗುಮುಖಗಳಿಗೆ ಅದೇ ಹಿರಿಯಣ್ಣ. ಅಂದರೆ ಆ ಚಿಹ್ನೆ ಹುಟ್ಟಿದ್ದೇ ನಮ್ಮ 'ತಮಾಷೆಗೆ' ಎಂಬುದನ್ನು ಮೂರು ಚಿಹ್ನೆಗಳಲ್ಲಿ ಹೇಳಲಿಕ್ಕೆ.

ಕನ್ನಡದಲ್ಲಿ ಬರೆಯುವವರಿಗೆ ಇದಕ್ಕಿಂತ ಹಳೆಯ ಉಪಾಯ ಕೈಯಲ್ಲೇ ಇದೆ. "ನಿನಗೆ ಬುದ್ಧಿ ಇಲ್ಲ" ಎಂದು ಬರೆದರೆ ಏಟು. "ನಿಂಗೆ ಬುದ್ಧಿ ಇಲ್ಲ ಕಣೋ" ಎಂದರೆ ಅರ್ಧ ಏಟು, ಅರ್ಧ ಸಲುಗೆ. "ಬುದ್ಧಿ ಇದೆಯಾ ಮಾರಾಯ ನಿಂಗೆ?" ಎಂದರೆ ಏಟೇ ಇಲ್ಲ. ಕಣೋ, ಕಣೇ, ಮಾರಾಯ, ಸುಮ್ನೆ, ಅಲ್ವಾ ಇಂಥ ಪುಟ್ಟ ಪದಗಳು ವಾಕ್ಯದ ಅರ್ಥಕ್ಕೆ ಏನನ್ನೂ ಸೇರ್ಪಡೆ ಮಾಡುವುದಿಲ್ಲ. ಇದು ಯಾವ ಬಗೆಯ ಮಾತು, ನಾವಿಬ್ಬರೂ ಯಾರು ಎಂಬುದನ್ನು ಮಾತ್ರ ಹೇಳುತ್ತವೆ. ಸಮಾನರ ನಡುವೆ 'ಕಣ್ರೀ' ಎಂದು ಗೌರವ ಸೇರಿಸಿದರೂ ನಡೆಯುತ್ತದೆ. ಸಾಹೇಬರಿಗೆ ಕಳಿಸುವ ಸಂದೇಶದ ಕೊನೆಗೆ ಮಾತ್ರ ಇವುಗಳಲ್ಲಿ ಒಂದನ್ನೂ ಅಂಟಿಸಲು ಬರುವುದಿಲ್ಲ. ಅಲ್ಲಿಗೆ ತಮಾಷೆ ಕಳಿಸುವ ಮುನ್ನ ಅವರ ಕಡೆಯಿಂದ ಒಂದು ಬರಲಿ ಎಂದು ಕಾಯುವುದೇ ವಾಸಿ.